ಗೊರಿಲ್ಲಾ ನೋಡಲು ನಾನೊಬ್ಬಳೇ ಹೋದದ್ದು

ನಮ್ಮ ಮನೆಯವರಿಗೆ ಜ್ವರ ಇದೆಯೆಂದು ಅಷ್ಟು ಜನರ ಮುಂದೆ ಹೇಳಿಬಿಟ್ಟವಳು ನಾನೇ. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ಉಳಿದದ್ದು ಹೇಳುತ್ತೇನೆ.

ಗಂಗಾವತಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಅವರು ತಾವರಗೇರಾ ಹತ್ತಿರದ ಹಳ್ಳಿಯವರು, ನಾನು ಯಲಬುರ್ಗಾ ಕಡೆಯವಳು. ಇಬ್ಬರದೂ ಮಳೆ ನಂಬಿದ ಊರು. ಮದುವೆಯಾದ ಹೊಸದರಲ್ಲಿ ಕಾಲುವೆ ನೀರಿನ ಊರಿಗೆ ಬಂದೆವು, ಯಾಕೆಂದರೆ ಭತ್ತ ಬೆಳೆಯುವ ಕಡೆ ಮದುವೆಗಳು ಜೋರು. ಅವರು ಫೋಟೋ ತೆಗೆಯುವುದು, ನಾನು ತಿದ್ದುವುದು. ಫಿಲ್ಮ್ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಹಿಡಿದು ಮೊಡವೆ, ಸಿಡುಬಿನ ಕಲೆ ಮುಚ್ಚುತ್ತಿದ್ದೆ. ಈಗ ಅದೇ ಕೆಲಸ ಕಂಪ್ಯೂಟರಿನಲ್ಲಿ. ಗಂಗಾವತಿಯ ಅರ್ಧ ಊರಿನ ಮುಖಗಳು ನನಗೆ ಅವರವರ ಮನೆಯವರಿಗಿಂತ ಹತ್ತಿರದಿಂದ ಗೊತ್ತು.

ಆದರೆ ಕ್ಯಾಮೆರಾ ಮಾತ್ರ ನಾನು ಮುಟ್ಟುತ್ತಿರಲಿಲ್ಲ. ಒಮ್ಮೆ ಒಂದು ಮದುವೆಯಲ್ಲಿ ಅವರು ಬ್ಯಾಟರಿ ತರಲು ಓಡಿದಾಗ ಗುಂಪಿನ ಫೋಟೋ ನಾನೇ ತೆಗೆದಿದ್ದೆ. ತೊಳೆದು ನೋಡಿದರೆ ಹಿಂದಿನ ಸಾಲಿನವರಿಗೆ ತಲೆಯೇ ಇಲ್ಲ. ಅವರು ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಆಮೇಲೆ ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಮದುವೆ ಇಲ್ಲದ ತಿಂಗಳುಗಳಲ್ಲಿ ಅವರಿಗೆ ಬೇರೆ ಹುಚ್ಚು. ಕುಷ್ಟಗಿ ಕಡೆಯ ಬಯಲಿನಲ್ಲಿ ತೋಳ, ಹನುಮನಹಳ್ಳಿ ಆಚೆಯ ಬಂಡೆಗಳಲ್ಲಿ ಕರಡಿ, ಹೊಳೆಯಲ್ಲಿ ನೀರುನಾಯಿ. ಬೆಳಕು ಹರಿಯುವ ಮೊದಲೇ ಬೈಕ್ ಹತ್ತಿ ಹೋಗಿ, ಮಧ್ಯಾಹ್ನ ಕಾಲಿಗೆಲ್ಲ ಮುಳ್ಳು ಚುಚ್ಚಿಕೊಂಡು ಬರುತ್ತಿದ್ದರು. ಕಂಪ್ಯೂಟರ್ ತೆರೆದರೆ ಎದುರಿಗೆ ಕಾಣುವ ಚಿತ್ರ ಮಾತ್ರ ನಮ್ಮ ಸೀಮೆಯದಲ್ಲ, ಯಾರೋ ತೆಗೆದ ಗೊರಿಲ್ಲಾದ ಮುಖ. ಎಷ್ಟು ವರ್ಷದಿಂದ ಅಲ್ಲಿತ್ತೋ.

"ಇದರ ಕಣ್ಣ ನೋಡು" ಅನ್ನುತ್ತಿದ್ದರು. "ನಮ್ಮ ಮಂದಿಗೆ ಸುಮ್ಮನ ಕುಂದರ್ರಿ, ಅಲ್ಲಾಡಬ್ಯಾಡ್ರಿ ಅಂತ ಗಂಟಲು ಹರಕೊಬೇಕು. ಇದು ತಾನ ಕುಂತೈತಿ."

ಹುಬ್ಬಳ್ಳಿಯ ಒಬ್ಬ ಫೋಟೋಗ್ರಾಫರ್ ವರ್ಷಕ್ಕೊಮ್ಮೆ ಒಂದು ತಂಡ ಕಟ್ಟಿಕೊಂಡು ಕೀನ್ಯಾ, ಉಗಾಂಡಾ ಕಡೆ ಹೋಗುತ್ತಾರೆ. ನಾವು ಅವರನ್ನು ಮುಖಂಡರು ಅಂತಲೇ ಕರೆಯುತ್ತಿದ್ದೆವು. ಆ ವರ್ಷ ಅವರು ಕೇಳಿದಾಗ ನಮ್ಮ ಮನೆಯವರು ಹೂಂ ಅಂದರು, ನನ್ನ ಹೆಸರನ್ನೂ ಸೇರಿಸಿ.

"ನಾ ಯಾಕ್ರಿ? ನನ್ನ ಮೊಣಕಾಲು ಮೆಟ್ಟಲಾ ಹತ್ತಿದ್ರ ಕಟಕಟ ಅಂತೈತಿ."

"ನೀ ಇಲ್ದಿದ್ರ ನಂಗ ಗುಳಿಗಿ ಯಾರು ನೆನಪು ಮಾಡ್ತಾರ?" ಅಂದರು. ಅದು ಅವರು ಕರೆಯುವ ರೀತಿ. ನಾನು ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಮಫ್ಲರ್ ಎರಡು ಇಟ್ಟುಕೊಂಡು ಹೊರಟೆ.

ಮೊದಲ ಐದು ದಿನ ಕೀನ್ಯಾದ ಹುಲ್ಲುಗಾವಲು. ನೆಲ ನಮ್ಮ ಯಲಬುರ್ಗಾದ ಎರಿ ಹೊಲದ ಹಾಗೆ ಕಣ್ಣು ಮುಟ್ಟುವ ತನಕ ಸಪಾಟು, ಆದರೆ ಕಪ್ಪಲ್ಲ, ತುಂಬ ಹುಲ್ಲು. ಜೀಪಿನ ಮೇಲ್ಛಾವಣಿ ಎತ್ತಿ ಎಲ್ಲರೂ ನಿಂತು ಕ್ಯಾಮೆರಾ ಹಿಡಿಯುತ್ತಿದ್ದರು. ಸಿಂಹಗಳು ಹೆಚ್ಚಾಗಿ ಮಲಗಿಯೇ ಇರುತ್ತಿದ್ದವು. ನನಗೆ ಹಿಡಿಸಿದ್ದು ಕಾಡೆಮ್ಮೆಯಂಥ ಪ್ರಾಣಿಗಳ ದೊಡ್ಡ ಹಿಂಡು. ಸಣ್ಣವಳಿದ್ದಾಗ ಅಪ್ಪನ ಆಡು ಕಾಯುತ್ತಿದ್ದೆ. ಹಿಂಡು ಕಂಡರೆ ಯಾವುದು ಕುಂಟುತ್ತಿದೆ, ಯಾವುದು ಹಿಂದೆ ಬಿದ್ದಿದೆ ಅಂತ ಕಣ್ಣು ತಾನೇ ಹುಡುಕುತ್ತದೆ. ನಮ್ಮ ಮನೆಯವರು ಬೆಳಗಿನ ಕೊರೆಯುವ ಗಾಳಿಯಲ್ಲಿ ಬರಿ ಕಿವಿಯಲ್ಲಿ ನಿಂತಿದ್ದರು. ಮಫ್ಲರ್ ಸುತ್ತಿಕೊಳ್ಳಿ ಅಂದರೆ, ಕಣ್ಣಿಗೆ ಅಡ್ಡ ಬರತೈತಿ ಅಂದರು. ಮಫ್ಲರ್ ಕಣ್ಣಿಗೆ ಹೇಗೆ ಅಡ್ಡ ಬರುತ್ತದೋ ದೇವರಿಗೇ ಗೊತ್ತು.

ಉಗಾಂಡಾಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ದಿನವಿಡೀ ವ್ಯಾನಿನಲ್ಲಿ ಗುಡ್ಡದ ಸೀಮೆಗೆ. ಗುಡ್ಡದ ಮೈಯನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬೆಳೆ ಇಟ್ಟಿದ್ದರು. ಬಾಳೆ, ಆಲೂಗಡ್ಡೆ, ಒಂದು ತಿರುವಿನಲ್ಲಿ ತೆನೆ ಬಾಗಿದ ಜೋಳ. "ನಿಲ್ಲಸ್ರಿ, ನಿಲ್ಲಸ್ರಿ, ನಮ್ಮ ಜ್ವಾಳ ಐತಿ!" ಅಂತ ನಾನು ಕೂಗಿಬಿಟ್ಟೆ. ತಂಡದ ಗಂಡಸರೆಲ್ಲ ನಕ್ಕರು. ನಮ್ಮ ಮನೆಯವರು ನಗಲಿಲ್ಲ. ಅವರು ಕರವಸ್ತ್ರದಲ್ಲಿ ಮೂಗು ಒತ್ತಿ ಹಿಡಿದಿದ್ದರು.

"ಏನಾತ್ರಿ?"

"ಧೂಳು."

ಮಳೆ ಬಿದ್ದು ತೊಳೆದ ರಸ್ತೆಯಲ್ಲಿ ಎಲ್ಲಿಯ ಧೂಳು. ಮಲಗುವಾಗ ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು. ಗುಳಿಗೆ ಕೊಟ್ಟೆ. "ಯಾರಿಗೂ ಹೇಳಬ್ಯಾಡ" ಅಂದರು. ಬೆಳಿಗ್ಗೆ ಎದ್ದಾಗ ಇನ್ನೊಂದು ಗುಳಿಗೆ ತಾವೇ ಕೇಳಿ ನುಂಗಿದರು.

ಕಾಡಿನ ಅಂಚಿನಲ್ಲಿ ಒಂದು ಚಪ್ಪರ. ಹಸಿರು ಬಟ್ಟೆಯ ಅರಣ್ಯ ಕಾವಲುಗಾರ ನಮ್ಮನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಇಂಗ್ಲಿಷಿನಲ್ಲಿ ನಿಯಮ ಹೇಳಿದ. ಮುಖಂಡರು ನನಗಾಗಿ ಕನ್ನಡದಲ್ಲಿ ಹೇಳುತ್ತ ಹೋದರು. ಗೊರಿಲ್ಲಾದಿಂದ ಹತ್ತು ಮೀಟರ್ ದೂರ ಇರಬೇಕು, ಮಾಸ್ಕ್ ತೆಗೆಯಬಾರದು, ಒಂದು ತಾಸು ಆದ ಕೂಡಲೇ ಹಿಂದಿರುಗಬೇಕು. ಆಮೇಲೆ ಕಾವಲುಗಾರ ದನಿ ತಗ್ಗಿಸಿ ಏನೋ ಹೇಳಿದ.

"ಯಾರಿಗರೆ ನೆಗಡಿ, ಕೆಮ್ಮು, ಜ್ವರ ಇದ್ರ ಈಗ ಹೇಳ್ರಿ ಅಂತಾನ್ರಿ" ಅಂದರು ಮುಖಂಡರು. "ನಮ್ಮ ರೋಗ ಅವಕ್ಕ ಲಗೂ ಹತ್ತತೈತಂತ. ನಮಗ ಬರೇ ನೆಗಡಿ, ಅವಕ್ಕ ಅದರಿಂದ ಜೀವಾನ ಹೋಗಬಹುದು. ಮರಿಗಳಿಗೆ ಭಾಳ ಕಷ್ಟ."

ನಮ್ಮ ಮನೆಯವರು ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದರು. ಗುಳಿಗೆಯಿಂದ ಮೈ ತಣ್ಣಗಾಗಿತ್ತು. ಜ್ವರ ನೋಡುವ ಯಂತ್ರ ಹಣೆಗೆ ಹಿಡಿದರೂ ತೋರಿಸುತ್ತಿರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ಸಂತೆಯಿಂದ ಒಂದು ಹೊಸ ಆಡು ತಂದಿದ್ದರು. ಅದರ ಮೂಗಿನಲ್ಲಿ ಸ್ವಲ್ಪ ನೀರು ಸುರಿಯುತ್ತಿತ್ತು, ಅಷ್ಟೇ. ಎಂಟು ದಿನದಲ್ಲಿ ಹಟ್ಟಿಯ ಮರಿಗಳೆಲ್ಲ ಒಂದೊಂದಾಗಿ ಮಲಗಿದವು. ಕಡೆಯ ಮರಿಯನ್ನು ನಾನು ಉಡಿಯಲ್ಲಿ ಹಾಕಿಕೊಂಡು ಕೂತಿದ್ದೆ. ಆ ಬೆಂಚಿನ ಮೇಲೆ ಕೂತಾಗ ಅದರ ಭಾರ ಮತ್ತೆ ಉಡಿಯಲ್ಲಿ ಬಂದ ಹಾಗಾಯಿತು.

"ಇವರಿಗೆ ರಾತ್ರಿ ಜ್ವರ ಇತ್ತರಿ" ಅಂದೆ.

ಮುಖಂಡರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು, ಆಮೇಲೆ ಕಾವಲುಗಾರನಿಗೆ ಹೇಳಿದರು. ಅವನು ಎದ್ದು ಬಂದು ನಮ್ಮ ಮನೆಯವರ ಎದುರು ನಿಂತು ಬಹಳ ಮೆತ್ತಗೆ ಸಾರಿ ಅಂದ. ಯಂತ್ರದಲ್ಲಿ ನನ್ನ ಹಣೆಯನ್ನೂ ನೋಡಿ, ಗಂಟಲು ನೋವು ಇದೆಯೇ ಎಂದು ಮುಖಂಡರಿಂದ ಕೇಳಿಸಿ, ನೀನು ಹೋಗಬಹುದು ಅಂದ.

"ನಾನೂ ಇಲ್ಲೇ ಇರ್ತೀನಿ" ಅಂದೆ.

ನಮ್ಮ ಮನೆಯವರು ಅಷ್ಟು ಹೊತ್ತು ನೆಲ ನೋಡುತ್ತಿದ್ದವರು ತಲೆ ಎತ್ತಿದರು. ಕಣ್ಣು ಕೆಂಪಾಗಿತ್ತು, ನೆಗಡಿಯಿಂದಲೋ ಸಿಟ್ಟಿನಿಂದಲೋ. "ನೀನ ಹೋಗು. ಹೇಳಿದಾಕಿ ನೀನ ಅಲ್ಲ? ಹೋಗಿ ನೀನ ತೆಗಿ."

ಹಾಗೆಂದು ಚಪ್ಪರದ ಮೂಲೆಗೆ ಹೋಗಿ ನನಗೆ ಬೆನ್ನು ಮಾಡಿ ಕೂತರು. ಸುಮಾರು ಹೊತ್ತು ಅಲ್ಲಿ ಏನೋ ಮಾಡುತ್ತಿದ್ದರು. ಮುಖಂಡರು ಹೊರಡೋಣ ಅಂದಾಗ ಎದ್ದು ಬಂದು, ಕ್ಯಾಮೆರಾವನ್ನು ಚೆನ್ನಾಗಿ ಒರೆಸಿ ನನ್ನ ಕೊರಳಿಗೆ ಹಾಕಿದರು. ನೋಡಿದರೆ ಅದರ ಗುಂಡಿ, ತಿರುಪುಗಳ ಮೇಲೆಲ್ಲ ನನ್ನ ಮೊಣಕಾಲಿಗೆಂದು ತಂದಿದ್ದ ಬಿಳಿ ಅಂಟುಪಟ್ಟಿ ಕತ್ತರಿಸಿ ಅಂಟಿಸಿದ್ದರು. ಒಂದು ಗುಂಡಿ ಮಾತ್ರ ಖಾಲಿ ಬಿಟ್ಟಿದ್ದರು.

"ಬ್ಯಾರೆ ಏನೂ ಮುಟ್ಟಬ್ಯಾಡ. ಇದನ್ನಷ್ಟ ಒತ್ತು" ಅಂದರು. ನನ್ನ ಮುಖ ನೋಡಲಿಲ್ಲ.

ನನ್ನ ಚೀಲ ಹೊರಲು ಅಲ್ಲಿಯ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸಿನವಳು, ಕಾಲಿಗೆ ರಬ್ಬರ್ ಬೂಟು, ತಲೆಗೆ ಹೂವಿನ ಬಟ್ಟೆ. ಅವಳಿಗೆ ಕನ್ನಡ ಬಾರದು, ನನಗೆ ಅವಳ ಮಾತು ಬಾರದು, ಇಬ್ಬರಿಗೂ ಇಂಗ್ಲಿಷ್ ನಾಲ್ಕೇ ಮಾತು. ಅಷ್ಟು ಸಾಕಾಯಿತು. ಇಳಿಜಾರಿನಲ್ಲಿ ಜಾರಿದರೆ ರೆಟ್ಟೆ ಹಿಡಿಯುತ್ತಿದ್ದಳು, ಏರಿನಲ್ಲಿ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ದೂಡುತ್ತಿದ್ದಳು. ದಾರಿ ಅಂತ ಇರಲಿಲ್ಲ. ಮುಂದೆ ಒಬ್ಬ ಕತ್ತಿಯಿಂದ ಬಳ್ಳಿ ಕಡಿದ ಹಾಗೆ ಒಬ್ಬರ ಹಿಂದೆ ಒಬ್ಬರು. ಕೆಸರು, ತುರಿಕೆ ಸೊಪ್ಪು, ಮೇಲೆ ಮಂಜು. ಒಂದು ತಾಸಿನ ಹೊತ್ತಿಗೆ ನನ್ನ ಬಲಗಾಲು ಮಡಚುವುದನ್ನೇ ಬಿಟ್ಟಿತು. ಒಂದು ಬೇರಿನ ಮೇಲೆ ಕೂತುಬಿಟ್ಟೆ.

"ನೀವು ಹೋಗ್ರಿ" ಅಂದೆ ಮುಖಂಡರಿಗೆ. "ನಾ ಇಲ್ಲೇ ಕುಂತಿರ್ತೀನಿ."

ಆ ಹೆಂಗಸು ನನ್ನ ಮೊಣಕಾಲು ಮುಟ್ಟಿ ನೋಡಿ, ಕಾವಲುಗಾರನಿಗೆ ಏನೋ ಹೇಳಿದಳು. ಅವನು ಕೈಯಲ್ಲಿದ್ದ ವೈರ್‌ಲೆಸ್‌ನಲ್ಲಿ ಮಾತಾಡಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಎಂಟು ಗಂಡಸರು ಎರಡು ಉದ್ದ ಗಳಕ್ಕೆ ಕಟ್ಟಿದ ಒಂದು ಕುರ್ಚಿ ಹೊತ್ತು ಓಡುತ್ತ ಬಂದರು. ನಾಲ್ಕು ಜನ ಹೊರುವುದು, ನಾಲ್ಕು ಜನ ಬದಲಿಗೆ.

"ಹೆಲಿಕಾಪ್ಟರ್!" ಅಂತ ಒಬ್ಬ ನನಗೆ ಸಲಾಮು ಮಾಡಿದ.

ಮುಖಂಡರು ಹೇಳಿದರು, ಈ ಗುಡ್ಡಗಳಲ್ಲಿ ಹಿಂದಿನಿಂದಲೂ ಹೀಗೆಯೇ ಅಂತೆ. ರೋಗಿಗಳನ್ನು, ಹೆರಿಗೆಯ ಹೆಂಗಸರನ್ನು ಹೆಣೆದ ತೊಟ್ಟಿಲಿನಂಥದರಲ್ಲಿ ಮಲಗಿಸಿ ದವಾಖಾನೆಗೆ ಹೊತ್ತು ಒಯ್ಯುತ್ತಾರಂತೆ. ಈಗ ನನ್ನಂಥವರಿಗೂ ಕುರ್ಚಿ ಕಟ್ಟಿಕೊಂಡಿದ್ದಾರೆ. ನನಗೆ ನಾಚಿಕೆ. "ನಮ್ಮ ಕಡೆ ನಾಲ್ಕು ಮಂದಿ ಹೊರೂದು ಒಮ್ಮೇರಿ, ಹೊತ್ತ ಮ್ಯಾಲೆ ತಿರುಗಿ ತರೂದಿಲ್ಲ" ಅಂದೆ. ಮುಖಂಡರು ಅದನ್ನು ಇಂಗ್ಲಿಷ್ ಮಾಡಿ ಹೇಳಿದರು. ಎಂಟೂ ಜನ ಗುಡ್ಡ ಅದುರುವ ಹಾಗೆ ನಕ್ಕು, ನನ್ನನ್ನು ಎತ್ತಿಯೇ ಬಿಟ್ಟರು.

ಕಡೆಯ ಸ್ವಲ್ಪ ದಾರಿ ನಡೆಯಲೇಬೇಕಿತ್ತು. ಕುರ್ಚಿಯವರು, ಚೀಲದ ಹೆಂಗಸು ಎಲ್ಲರೂ ಹಿಂದೆ ಉಳಿದರು. ಮಾಸ್ಕ್ ಕಟ್ಟಿಕೊಂಡು ಕೋಲೂರಿ ಹೋದೆ. ಕಾವಲುಗಾರ ಗಂಟಲಿನಲ್ಲಿ ಮ್‌ಹೂಂ ಅಂತ ಸದ್ದು ಮಾಡಿದ, ಮನೆಯ ಹಿರಿಯರು ಒಳಗೆ ಬರುವ ಮುಂಚೆ ಮಾಡುವ ಹಾಗೆ. ಎಲೆಗಳ ಹಿಂದಿನಿಂದ ಅಂಥದೇ ಸದ್ದು ಬಂತು.

ಮೊದಲು ಕಂಡದ್ದು ದೊಡ್ಡ ಗಂಡು. ಬೆನ್ನು ಬೆಳ್ಳಗೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಗ್ಗುಲಾಗಿ ಮಲಗಿತ್ತು. ತಂಡದವರೆಲ್ಲ ಅದರ ಕಡೆ ಸರಿದು ಕ್ಯಾಮೆರಾ ಹಿಡಿದರು. ನನಗೆ ನಿಲ್ಲಲು ಆಗಲಿಲ್ಲ, ಬಗ್ಗಲೂ ಆಗಲಿಲ್ಲ. ಒದ್ದೆ ನೆಲದ ಮೇಲೆಯೇ ಕಾಲು ಚಾಚಿ ಕೂತೆ. ಕೂತ ಮೇಲೆ ಎದುರಿನ ಪೊದೆಯ ಕೆಳಗೆ, ನನ್ನ ಕಣ್ಣಿನ ಮಟ್ಟಕ್ಕೆ, ಒಂದು ತಾಯಿ ಮರಿ ಇಟ್ಟುಕೊಂಡು ಕೂತಿರುವುದು ಕಾಣಿಸಿತು. ನಿಂತವರಿಗೆ ಅದು ಕಾಣುತ್ತಿರಲಿಲ್ಲ.

ಕ್ಯಾಮೆರಾ ಎತ್ತಿದೆ. ತಲೆ ಕತ್ತರಿಸಬೇಡ, ತಲೆ ಕತ್ತರಿಸಬೇಡ ಅಂತ ನನಗೆ ನಾನೇ ಹೇಳಿಕೊಂಡು ಒತ್ತಿದೆ. ಒಂದಿಷ್ಟು ಸಲ ಬರೀ ಎಲೆ ಬಂದವು. ಆಮೇಲೆ ಕಣ್ಣು ಕ್ಯಾಮೆರಾದ ಕಿಂಡಿಗೆ ಹೊಂದಿಕೊಂಡಿತು. ತಾಯಿ ಮರಿಯ ತಲೆಯನ್ನು ತೊಡೆಗೆ ಒತ್ತಿ ಹಿಡಿದು ಕೂದಲು ಬಿಡಿಸುತ್ತಿದ್ದಳು. ಮರಿ ತಪ್ಪಿಸಿಕೊಳ್ಳಲು ಕೊಸರಾಡುತ್ತಿತ್ತು. ಅವಳು ಕಾಲಿನಿಂದ ಅದರ ಕಾಲು ಅದುಮಿ ಹಿಡಿದು, ತನ್ನ ಕೆಲಸ ಮುಂದುವರಿಸಿದಳು. ನನ್ನ ಅವ್ವ ಕಟ್ಟೆಯ ಮೇಲೆ ಹೇನು ನೋಡುವಾಗ ನನ್ನನ್ನು ಹಿಡಿಯುತ್ತಿದ್ದದ್ದು ಅದೇ ರೀತಿ, ಅದೇ ಕಾಲಿನಿಂದ. ಮೂವತ್ತು ವರ್ಷ ಮುಖಗಳನ್ನು ದೊಡ್ಡದು ಮಾಡಿ ನೋಡಿದವಳು ನಾನು. ಕೂದಲು ಬಿಡಿಸುವಾಗ ಅವಳ ಕೆಳತುಟಿ ಸ್ವಲ್ಪ ಮುಂದೆ ಬರುತ್ತಿತ್ತು, ಸೂಜಿಗೆ ದಾರ ಪೋಣಿಸುವವರಿಗೆ ಬರುವ ಹಾಗೆ. ಆ ತುಟಿ ಮುಂದೆ ಬಂದಾಗಲೆಲ್ಲ ಒತ್ತಿದೆ.

ಒಮ್ಮೆ ಮರಿ ಬಿಡಿಸಿಕೊಂಡು ನನ್ನ ಕಡೆಗೇ ಬಂತು. ಕಾವಲುಗಾರ ಹಿಂದೆ ಸರಿಯಿರಿ ಅಂದ, ಎಲ್ಲರೂ ಸರಿದರು, ನಾನು ಎಲ್ಲಿ ಏಳಲಿ. ಕೂತಲ್ಲೇ ತಲೆ ತಗ್ಗಿಸಿ ಉಸಿರು ಬಿಗಿ ಹಿಡಿದೆ. ಮರಿ ಒಂದು ಎಲೆ ಕಿತ್ತು ಬಾಯಿಗಿಟ್ಟು ನನ್ನ ಕೆಸರಿನ ಬೂಟು ನೋಡಿತು. ತಾಯಿ ಗಂಟಲಿನಲ್ಲಿ ಒಂದೇ ಸಲ ಗದರಿದಳು. ಅದು ತಿರುಗಿ ಓಡಿತು. ಆಮೇಲೆ ಕಾವಲುಗಾರ ಗಡಿಯಾರ ತೋರಿಸಿದಾಗ ಇಷ್ಟು ಬೇಗ ಒಂದು ತಾಸು ಆಯಿತೇ ಅನಿಸಿತು. ನನಗೆ ಬಂದ ಮೊದಲ ಯೋಚನೆ, ಇದನ್ನು ಅವರು ನೋಡಬೇಕಿತ್ತು ಅಂತ. ಹೇಳದೇ ಇದ್ದಿದ್ದರೆ ನೋಡುತ್ತಿದ್ದರು. ಹಾಗೆ ಅನಿಸಿದ್ದೂ ನಿಜ. ಮಾಸ್ಕಿನೊಳಗೆ ಅಳು ಬಂತು, ಒರೆಸಿಕೊಳ್ಳಲು ಕೈ ಕೆಸರು.

ಇಳಿಯುವಾಗ ಮಳೆ ಹಿಡಿಯಿತು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೇಲೆ ಒಂದು ತಾಡಪತ್ರಿ ಹೊದಿಸಿ, ಕ್ಯಾಮೆರಾ ಒಳಗಿಟ್ಟುಕೊಳ್ಳಲು ಹೇಳಿದರು. ತಲೆಯ ತನಕ ಹೊದ್ದು ಕೂತೆ. ತಂಡದವರು ಬಹಳ ಹಿಂದೆ ಉಳಿದರು. ಕುರ್ಚಿಯವರೂ ಚೀಲದ ಹೆಂಗಸೂ ಕೆಸರಿನಲ್ಲಿ ಓಡುತ್ತಲೇ ಇದ್ದರು.

ಕಾಡು ಮುಗಿದು ಚಹಾ ತೋಟ ಶುರುವಾಗುವಲ್ಲಿ ಯಾರೋ ಕೂಗಿದ ಹಾಗಾಯಿತು. ತಾಡಪತ್ರಿ ಸರಿಸಿ ನೋಡಿದೆ. ಕೆಳಗಿನಿಂದ ನಮ್ಮ ಮನೆಯವರು ಓಡಿ ಬರುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಮೈಯಲ್ಲಿ ಜ್ವರ, ಕೈಯಲ್ಲಿ ಮಡಚಿದ ಛತ್ರಿ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ದೂರದಿಂದ ಅವರಿಗೆ ಕಂಡಿದ್ದು ಇಷ್ಟೇ: ನಾಲ್ಕು ಜನ ಹೊತ್ತಿದ್ದಾರೆ, ಮೇಲೆ ಮುಚ್ಚಿದ್ದಾರೆ, ತಂಡದವರು ಯಾರೂ ಜೊತೆಗಿಲ್ಲ.

ಕುರ್ಚಿಯವರು ನಿಂತು ನನ್ನನ್ನು ಇಳಿಸಿದರು. ನಮ್ಮ ಮನೆಯವರು ಬಂದವರೇ ನನ್ನ ಎರಡೂ ಕೆನ್ನೆ ಹಿಡಿದು, ತಲೆ, ಭುಜ, ಕೈ ಎಲ್ಲ ತಡವಿ ನೋಡಿದರು.

"ಏನೂ ಆಗಿಲ್ರಿ. ಮೊಣಕಾಲು, ಅಷ್ಟ. ಮಳಿ ಅಂತ ಹೊಚ್ಚ್ಯಾರ."

"ಮುಖ ಯಾಕ ಮುಚ್ಚಿದ್ರು?" ಅಂತ ಕೇಳಿದರು. ದನಿ ಒಡೆದಿತ್ತು. "ಮುಖ ಯಾಕ ಮುಚ್ಚಿದ್ರಲೇ?"

ಆಮೇಲೆ ಅಲ್ಲೇ ಕೆಸರಿನಲ್ಲಿ ಕೂತು, ನನ್ನ ಮಡಿಲಿಗೆ ಹಣೆ ಹಚ್ಚಿ ಅತ್ತರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಹಣೆ ಕಾದ ಹಂಚಿನ ಹಾಗಿತ್ತು. ಕುರ್ಚಿ ಹೊತ್ತವರು ಆ ಕಡೆ ತಿರುಗಿ ನಿಂತರು. ಚೀಲದ ಹೆಂಗಸು ಕೆಳಗೆ ಇಳಿದು ಹೋಗಿ ಅವರ ಚಪ್ಪಲಿ ಹುಡುಕಿ ತಂದು, ಮಳೆ ನೀರಿನಲ್ಲಿ ತೊಳೆದು ಅವರ ಕಾಲ ಹತ್ತಿರ ಇಟ್ಟಳು.

ಮಧ್ಯಾಹ್ನದಿಂದ ಅಲ್ಲೇ ತೋಟದ ದಾರಿಯಲ್ಲಿ ನಿಂತಿದ್ದರಂತೆ. ಮಲಗಿರಿ ಅಂದರೆ ಮಲಗಿರಲಿಲ್ಲವಂತೆ. ಗೊರಿಲ್ಲಾ ಸಿಕ್ಕಿತೇ ಅಂತ ಕೇಳಲಿಲ್ಲ. ಮುಖಂಡರು ಬಂದು ಹೇಳಲು ಶುರು ಮಾಡಿದಾಗಲೂ, ಮೊದಲು ಬಿಸಿನೀರು ಎಲ್ಲಿ ಸಿಗುತ್ತದೆ ಅಂತ ಕೇಳಿದರು. ಆ ಸಂಜೆ ನನ್ನ ಮೊಣಕಾಲಿಗೆ ಅವರು ಕಾವು ಕೊಟ್ಟರು, ಅವರ ಹಣೆಗೆ ನಾನು ತಣ್ಣೀರು ಪಟ್ಟಿ ಹಾಕಿದೆ. ಕ್ಯಾಮೆರಾ ಟೇಬಲ್ಲಿನ ಮೇಲೆ ಟವೆಲಿನಲ್ಲಿ ಸುತ್ತಿಟ್ಟದ್ದು ಹಾಗೇ ಇತ್ತು.

"ಸಿಟ್ಟು ಐತೇನ್ರಿ?" ಅಂತ ಕೇಳಿದೆ.

"ಮುಂಜಾನೆ ಇತ್ತು." ಹಣೆಯ ಪಟ್ಟಿ ತಿರುವಿ ಹಾಕಿಕೊಂಡು ಅಂದರು, "ಹೇಳಿದ್ದು ಛಲೋ ಆತು. ನಾ ಆಗಿದ್ರ ಹೇಳ್ತಿದ್ದಿಲ್ಲ. ಅದ ನಂಗ ಚುಚ್ಚಾಕತ್ತೈತಿ."

ಮರುದಿನ ಬೆಳಿಗ್ಗೆ ಜ್ವರ ಇಳಿದ ಮೇಲೆ ಅವರು ಕ್ಯಾಮೆರಾ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತರು. ಎಲೆ, ಎಲೆ, ಎಲೆ. ಆಮೇಲೆ ಕೈ ನಿಧಾನವಾಯಿತು. ನಾನು ಹಾಸಿಗೆಯಲ್ಲಿ ಮಲಗಿ ಅವರ ಮುಖವನ್ನೇ ನೋಡುತ್ತಿದ್ದೆ.

"ಈಕಿ ತುಟಿ ನೋಡು" ಅಂದರು ಕಡೆಗೆ, ನಾನು ನೋಡಿಯೇ ಇಲ್ಲವೆಂಬಂತೆ.

ಊರಿಗೆ ಬಂದ ಮೇಲೆ ಆ ಒಂದು ಫೋಟೋವನ್ನು ದೊಡ್ಡದಾಗಿ ಹಾಕಿಸಿ ಸ್ಟುಡಿಯೋದ ಒಳಗೆ ತೂಗುಹಾಕಿದ್ದಾರೆ. ತಾಯಿಯ ಮೂಗಿನ ಮೇಲೆ ಗೀರಿದ ಗಾಯ ಇತ್ತು, ನಾನು ಅದನ್ನು ಅಳಿಸಲಿಲ್ಲ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಇದನ್ನ ಎಲ್ಲಿ ತೆಗದ್ರಿ ಸಾರ್ ಅಂತ ಕೇಳುತ್ತಾರೆ. "ನಾ ಅಲ್ಲ, ನಮ್ಮ ಮನಿಯಾಕಿ" ಅನ್ನುತ್ತಾರೆ. ಮೊದಮೊದಲು ಹಾಗನ್ನುವಾಗ ಅವರ ದನಿಯಲ್ಲಿ ಒಂದು ಸಣ್ಣ ಎಳೆ ನೋವು ಕೇಳಿಸುತ್ತಿತ್ತು, ಹೊಟ್ಟೆಕಿಚ್ಚು ಅಂದರೂ ತಪ್ಪಿಲ್ಲ. ಈಗ ಬಂದವರಿಗೆ ಇಡೀ ಕಥೆ ಹೇಳಲು ಕೂತುಬಿಡುತ್ತಾರೆ, ಚಪ್ಪಲಿ ಕಳೆದದ್ದು ಒಂದನ್ನು ಬಿಟ್ಟು.

ಉಗಾಂಡಾದ ಆ ಗುಡ್ಡ ಬಿಟ್ಟು ಹೊರಡುವ ಮುಂಚೆ ಅವರು ಕುರ್ಚಿಯ ಎಂಟು ಜನರನ್ನೂ ಆ ಹೆಂಗಸನ್ನೂ ಚಪ್ಪರದ ಎದುರು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದಿದ್ದರು. ನಾನು ಅದರ ಬೆಳಕನ್ನು ಚೆನ್ನಾಗಿ ತಿದ್ದಿದೆ. ಮುಖಂಡರ ಮೂಲಕ ಅವಳ ಫೋನಿಗೆ ಕಳಿಸಿದೆವು. ನಾಲ್ಕು ದಿನ ಬಿಟ್ಟು ಒಂದು ಧ್ವನಿ ಸಂದೇಶ ಬಂತು. ಅವಳ ಭಾಷೆಯಲ್ಲಿ ಉದ್ದಕ್ಕೆ ಮಾತಾಡಿದ್ದಳು, ನಡುವೆ ಹೆಲಿಕಾಪ್ಟರ್ ಅನ್ನುವ ಒಂದು ಮಾತು ತಿಳಿಯಿತು, ಹಿಂದೆ ಕೋಳಿ ಕೂಗುತ್ತಿತ್ತು, ಯಾರೋ ನಗುತ್ತಿದ್ದರು. ನಾವಿಬ್ಬರೂ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಕೇಳಿದೆವು. ಮುಗಿದ ಮೇಲೆ ಅವರು ಫೋನ್ ನನ್ನ ಕಡೆ ಸರಿಸಿ, "ಇನ್ನೊಮ್ಮೆ ಹಚ್ಚು" ಅಂದರು.